ಕಂಪ್ಯೂಟರ್ ತಯಾರಿಸುವ ಕಂಪನಿ ಸ್ಮಾರ್ಟ್‌ಫೋನ್ ಮಾರುಕಟ್ಟೆಗೂ ಇಳಿಯಬೇಕೆ?

ಪ್ರಶ್ನೆ – ಪೀಣ್ಯದಿಂದ, ಯೋಜನಾ ವಿಭಾಗದ ಉದ್ಯೋಗಿ

ಎಲ್ಲರಿಗೂ ನಮಸ್ಕಾರ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್‌ಗಳನ್ನು ಜೋಡಿಸಿ ಮಾರುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ನಾನು ಯೋಜನಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಕಾಲೇಜುಗಳು, ಸಹಕಾರ ಸಂಘಗಳು ಮತ್ತು ಸರ್ಕಾರಿ ಕಚೇರಿಗಳು. ಟೆಂಡರ್ ಮೂಲಕ ಬರುವ ವ್ಯವಹಾರವೇ ನಮಗೆ ಜೀವಾಳ. ಈಚೆಗೆ ನಡೆದ ಆಡಳಿತ ಮಂಡಳಿಯ ಸಭೆಯಲ್ಲಿ ಸ್ಮಾರ್ಟ್‌ಫೋನ್ ತಯಾರಿಕೆಗೂ ಇಳಿಯಬೇಕೆಂಬ ಪ್ರಸ್ತಾಪ ಬಂದಿದ್ದು, ಅದರ ಸಾಧಕಬಾಧಕಗಳ ಕುರಿತು ಟಿಪ್ಪಣಿ ಸಿದ್ಧಪಡಿಸುವ ಹೊಣೆ ನನ್ನ ಮೇಲೆ ಬಿದ್ದಿದೆ.

ಪ್ರಸ್ತಾಪ ಮಾಡಿದವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 26 ಕೋಟಿ ಕಂಪ್ಯೂಟರ್‌ಗಳು ಕಾರ್ಖಾನೆಗಳಿಂದ ಹೊರಬಿದ್ದರೆ, ಸ್ಮಾರ್ಟ್‌ಫೋನ್‌ಗಳ ಸಂಖ್ಯೆ 120 ಕೋಟಿಯನ್ನು ದಾಟುತ್ತದೆ. ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಕಂಪ್ಯೂಟರ್ ಕೊಟ್ಟರೆ ಮುಂದಿನ ಐದಾರು ವರ್ಷ ಆ ಕಾಲೇಜು ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಫೋನನ್ನು ಜನ ಮೂರು ವರ್ಷಕ್ಕೊಮ್ಮೆಯಾದರೂ ಬದಲಿಸುತ್ತಾರೆ. ನಮ್ಮಲ್ಲಿ ಜೋಡಣೆಯ ಸಾಲು ಇದೆ, ನುರಿತ ಕೆಲಸಗಾರರಿದ್ದಾರೆ, ರಾಜ್ಯದ ಹಲವು ಜಿಲ್ಲಾ ಕೇಂದ್ರಗಳಲ್ಲಿ ರಿಪೇರಿ ಕೇಂದ್ರಗಳಿವೆ. ಇಷ್ಟೆಲ್ಲ ಇರುವಾಗ ಹಿಂಜರಿಯುವುದೇಕೆ ಎಂಬುದು ಅವರ ಪ್ರಶ್ನೆ.

ಸಭೆಯಲ್ಲಿ ಒಂದು ಮಾದರಿ ಫೋನನ್ನೂ ಕೈಯಿಂದ ಕೈಗೆ ದಾಟಿಸಿದರು. ಚೀನಾದ ಶೆನ್‌ಝೆನ್‌ನ ವಿನ್ಯಾಸ ಸಂಸ್ಥೆಯೊಂದು ಮೊದಲೇ ತಯಾರಿಸಿ ಇಟ್ಟುಕೊಂಡಿದ್ದ ಫೋನಿನ ಬೆನ್ನ ಮೇಲೆ ನಮ್ಮ ಲಾಂಛನವನ್ನು ಅಂಟಿಸಿ ಕಳುಹಿಸಿದ್ದರು. ನೋಡಲು ಅಂದವಾಗಿಯೇ ಇತ್ತು. ಆದರೆ ಅದನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಪರದೆಯ ಮೇಲೆ ಮೊದಲು ಮೂಡಿದ್ದು ಬೇರೆಯದೇ ಹೆಸರು; ಸೆಟ್ಟಿಂಗ್ಸ್ ತೆರೆದು ನೋಡಿದರೆ ಭದ್ರತಾ ಅಪ್‌ಡೇಟಿನ ದಿನಾಂಕ 11 ತಿಂಗಳಷ್ಟು ಹಳೆಯದಾಗಿತ್ತು. ಅಂದಿನಿಂದ ನನಗೆ ಅನುಮಾನ ಕಾಡುತ್ತಿದೆ. ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 – ಮಲ್ಲೇಶ್ವರದಿಂದ, ನಿವೃತ್ತ ಎಂಜಿನಿಯರ್

ನಮಸ್ಕಾರ. ನಾನು ಇದೇ ಊರಿನಲ್ಲಿ 26 ವರ್ಷ ಮೊಬೈಲ್ ಮೋಡೆಮ್‌ಗಳ, ಅಂದರೆ ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಚಿಪ್‌ಗಳ, ಸಾಫ್ಟ್‌ವೇರ್ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಸಾಮಾನ್ಯ ಗ್ರಾಹಕರಿಗೆ ಮಾರುವ ಸ್ಮಾರ್ಟ್‌ಫೋನಿಗೆ ನಿಮ್ಮ ಕಂಪನಿ ಕೈಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ‘ಫೋನೆಂದರೆ ಕಿಸೆಯಲ್ಲಿ ಹಿಡಿಸುವ ಕಂಪ್ಯೂಟರ್’ ಎಂಬ ಒಂದೇ ತಪ್ಪು ತಿಳಿವಳಿಕೆಯಿಂದ ದೊಡ್ಡ ದೊಡ್ಡ ಕಂಪನಿಗಳು ಕೈ ಸುಟ್ಟುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ಅಪ್‌ಡೇಟಿನ ವಿಷಯಕ್ಕೆ ಬರೋಣ, ನಿಮ್ಮ ಅನುಮಾನ ಹುಟ್ಟಿದ್ದೂ ಅಲ್ಲಿಂದಲೇ. ನೀವು ಮಾರಿದ ಲ್ಯಾಪ್‌ಟಾಪಿಗೆ ವಿಂಡೋಸ್ ಅಪ್‌ಡೇಟ್ ಮೈಕ್ರೋಸಾಫ್ಟಿನಿಂದ ನೇರವಾಗಿ ಹೋಗುತ್ತದೆ. ನಡುವೆ ನೀವು ಮಾಡಬೇಕಾದ ಕೆಲಸ ಬಹಳ ಕಡಿಮೆ. ಆಂಡ್ರಾಯ್ಡ್ ಫೋನಿನಲ್ಲಿ ಹಾಗಿಲ್ಲ. ಗೂಗಲ್ ಪ್ರತಿ ತಿಂಗಳು ಭದ್ರತಾ ತಿದ್ದುಪಡಿಗಳನ್ನು ಪ್ರಕಟಿಸುತ್ತದೆ, ಚಿಪ್ ತಯಾರಿಸಿದವರು ತಮ್ಮ ಭಾಗದ ತಿದ್ದುಪಡಿಗಳನ್ನು ಕೊಡುತ್ತಾರೆ, ಅವೆರಡನ್ನೂ ನಿಮ್ಮ ಮಾದರಿಯ ಕ್ಯಾಮೆರಾ, ಪರದೆ, ಬ್ಯಾಟರಿಗಳಿಗೆ ಹೊಂದಿಸಿ, ಪರೀಕ್ಷಿಸಿ, ನಿಮ್ಮ ಡಿಜಿಟಲ್ ಸಹಿ ಹಾಕಿ ಪ್ರತಿಯೊಬ್ಬ ಗಿರಾಕಿಯ ಫೋನಿಗೆ ತಲುಪಿಸುವ ಕೆಲಸ ನಿಮ್ಮದೇ. ನಾಲ್ಕು ಮಾದರಿಗಳಿದ್ದರೆ ನಾಲ್ಕು ಬಾರಿ ಮಾಡಬೇಕು. ಚಿಪ್ ತಯಾರಕರು ಬೆಂಬಲ ನಿಲ್ಲಿಸಿದ ದಿನ ನಿಮ್ಮ ಕೈಯೂ ಕಟ್ಟಿಹೋಗುತ್ತದೆ. ಗೂಗಲ್ 2023ರ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷಗಳ ಅಪ್‌ಡೇಟಿನ ಭರವಸೆ ಕೊಡುತ್ತಿವೆ. ಐರೋಪ್ಯ ಒಕ್ಕೂಟವಂತೂ 2025ರ ಜೂನ್‌ನಿಂದ, ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟುಗಳನ್ನೂ ಏಳು ವರ್ಷ ಬಿಡಿಭಾಗಗಳನ್ನೂ ಒದಗಿಸಬೇಕೆಂಬ ನಿಯಮವನ್ನೇ ಜಾರಿಗೆ ತಂದಿದೆ. ಅಂಥವರ ಪಕ್ಕದಲ್ಲಿ ಅಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ನಿಮ್ಮ ಫೋನ್ ಕೂರಬೇಕು.

ಎರಡನೆಯದು ರೇಡಿಯೋ. ಒಂದು ಫೋನು 2ಜಿಯಿಂದ 5ಜಿಯವರೆಗೆ ಹಲವು ತಲೆಮಾರಿನ ಜಾಲಗಳೊಡನೆ, ಬೇರೆ ಬೇರೆ ತರಂಗಾಂತರಗಳಲ್ಲಿ, ಒಂದೊಂದು ಕಂಪನಿಯ ಒಂದೊಂದು ಬಗೆಯ ಹೊಂದಾಣಿಕೆಗೆ ತಕ್ಕಂತೆ ಮಾತನಾಡಬೇಕು. ನಾವು ರಾತ್ರಿ ಹನ್ನೊಂದರ ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಎಂಟು ಫೋನುಗಳನ್ನು ಹಲಗೆಗೆ ಕಟ್ಟಿಕೊಂಡು ಮೈಸೂರು ರಸ್ತೆಯಲ್ಲಿ ಹೋಗುತ್ತಿದ್ದೆವು. ಒಂದು ಟವರಿನಿಂದ ಇನ್ನೊಂದಕ್ಕೆ ಕರೆ ದಾಟುವಾಗ ಎಲ್ಲಿ ಕಡಿಯುತ್ತದೆ ಎಂದು ನೋಡುವುದೇ ಕೆಲಸ. ರಾಮನಗರದ ಬಂಡೆಗಳ ಹತ್ತಿರ ಏಳು ಫೋನುಗಳ ಕರೆ ಉಳಿದು ಒಂದರದ್ದು ಮಾತ್ರ ಕಡಿಯುತ್ತಿತ್ತು. ಆ ಒಂದು ದೋಷದ ಮೂಲ ಹುಡುಕಲು ನಮಗೆ ಮೂರು ವಾರ ಹಿಡಿಯಿತು. ಆಂಟೆನಾದ ಪಕ್ಕದಲ್ಲಿದ್ದ ಒಂದು ಲೋಹದ ತಗಡಿನ ಅಂಚು ಅರ್ಧ ಮಿಲಿಮೀಟರ್ ಹೆಚ್ಚಾಗಿತ್ತು. ಕಂಪ್ಯೂಟರ್ ಕಾರ್ಖಾನೆಯಲ್ಲಿ ಎಷ್ಟೇ ವರ್ಷ ದುಡಿದಿದ್ದರೂ ಈ ವಿದ್ಯೆ ಕೈಗೆ ಬರುವುದಿಲ್ಲ. ಜಾಲ ಬದಲಾದಾಗ ಸಿದ್ಧರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2016ನ್ನು ನೆನೆಸಿಕೊಳ್ಳಿ: ಆ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ, ಕರೆಗಳೆಲ್ಲ 4ಜಿ ಜಾಲದ ಮೇಲೆಯೇ ಸಾಗುವ ವೋಲ್ಟಿ ಬಂದಾಗ, 3ಜಿ ಫೋನುಗಳ ದಾಸ್ತಾನು ಇಟ್ಟುಕೊಂಡಿದ್ದ ನಮ್ಮ ದೇಶದ ಕಂಪನಿಗಳಿಗೆ ಚೇತರಿಸಿಕೊಳ್ಳುವಷ್ಟು ಸಮಯವೂ ಸಿಗಲಿಲ್ಲ.

ಮೂರನೆಯದು ಪೇಟೆಂಟ್. ಮೊಬೈಲ್ ಜಾಲದ ಮಾನದಂಡಗಳೊಳಗೆ ಕ್ವಾಲ್‌ಕಾಮ್, ಎರಿಕ್ಸನ್, ನೋಕಿಯಾ ಮುಂತಾದವರ ಪೇಟೆಂಟುಗಳು ಹೆಣೆದುಕೊಂಡಿವೆ. ಅವನ್ನು ಬಳಸದೆ ಫೋನ್ ಮಾಡಲಾಗದು. ಎರಿಕ್ಸನ್ 2013ರಲ್ಲಿ ಮೈಕ್ರೋಮ್ಯಾಕ್ಸ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಲಾವಾ ಜೊತೆಗಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ 2024ರ ಮಾರ್ಚ್‌ನಲ್ಲಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ನಿಮ್ಮ ಶೆನ್‌ಝೆನ್ ಮಾದರಿಯ ಬೆಲೆಯಲ್ಲಿ ಈ ರಾಯಧನ ಸೇರಿದೆಯೇ, ಸೇರಿದ್ದರೆ ಯಾರ ಹೆಸರಿನ ಪರವಾನಗಿಯ ಮೇಲೆ ಎಂದು ಬರವಣಿಗೆಯಲ್ಲಿ ಕೇಳಿ.

ಇನ್ನು ಹಿಂದೆ ಹೋದವರ ಕಥೆ. ಡೆಲ್ 2009ರಲ್ಲಿ ಚೀನಾಕ್ಕಾಗಿ ಮಿನಿ 3 ಎಂಬ ಫೋನನ್ನೂ 2010ರಲ್ಲಿ ಐದು ಇಂಚಿನ ಸ್ಟ್ರೀಕನ್ನೂ ತಂದಿತು. ಅಷ್ಟು ದೊಡ್ಡ ಪರದೆಯ ಕಲ್ಪನೆ ಕಾಲಕ್ಕಿಂತ ಮುಂದಿತ್ತು. ಇಂದು ಎಲ್ಲರ ಕೈಯಲ್ಲಿರುವುದು ಅದಕ್ಕಿಂತ ದೊಡ್ಡ ಫೋನೇ. ಆದರೆ ಆಂಡ್ರಾಯ್ಡ್ 2.1 ಬಂದು ತಿಂಗಳುಗಳಾದ ಮೇಲೂ ಸ್ಟ್ರೀಕ್ ಹಳೆಯ 1.6 ಹೊತ್ತು ಮಾರುಕಟ್ಟೆಗೆ ಬಂತು. 2012ರ ಕೊನೆಗೆ ಡೆಲ್ ಫೋನ್ ವ್ಯವಹಾರವನ್ನೇ ಬಿಟ್ಟಿತು. ಎಚ್‌ಪಿಯದು ಇನ್ನೂ ನೋವಿನ ಕಥೆ. 2010ರಲ್ಲಿ 120 ಕೋಟಿ ಡಾಲರ್ ಕೊಟ್ಟು ಪಾಮ್ ಕಂಪನಿಯನ್ನು ಕೊಂಡಿತು. ಅದರೊಡನೆ ಬಂದ ವೆಬ್‌ಓಎಸ್ ನಿಜಕ್ಕೂ ಸೊಗಸಾದ ಕಾರ್ಯಾಚರಣಾ ವ್ಯವಸ್ಥೆಯಾಗಿತ್ತು. 2011ರ ಜುಲೈ 1ರಂದು ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ ಮಾರಾಟಕ್ಕೆ ಬಂತು, ಆಗಸ್ಟ್ 18ರಂದು ಅದನ್ನೂ ವೆಬ್‌ಓಎಸ್ ಫೋನುಗಳನ್ನೂ ನಿಲ್ಲಿಸುವುದಾಗಿ ಘೋಷಿಸಲಾಯಿತು. ಉಳಿದ ದಾಸ್ತಾನನ್ನು 99 ಡಾಲರಿಗೆ ಮಾರಿ ಕೈತೊಳೆದುಕೊಂಡರು. ಆ ವೆಬ್‌ಓಎಸ್ ಇಂದು ಎಲ್‌ಜಿ ಟಿವಿಗಳಲ್ಲಿದೆ. ಆ ಎರಡು ಕಂಪನಿಗಳಿಗೂ ಹಣದ, ಹೆಸರಿನ, ಎಂಜಿನಿಯರುಗಳ ಕೊರತೆಯಿರಲಿಲ್ಲ ಎಂಬುದನ್ನು ನಿಮ್ಮ ಆಡಳಿತ ಮಂಡಳಿಯ ಗಮನಕ್ಕೆ ತನ್ನಿ.

ಉತ್ತರ 2 – ಎಸ್.ಪಿ. ರಸ್ತೆಯಿಂದ, ವ್ಯಾಪಾರಿ

ಮೇಲೆ ಬರೆದ ಹಿರಿಯರು ಕಾರ್ಖಾನೆಯ ಕಡೆಯಿಂದ ಹೇಳಿದ್ದಾರೆ. ನಾನು ಅಂಗಡಿಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಸಾದರಪತ್ರಪ್ಪ ರಸ್ತೆಯಲ್ಲಿ ನಮ್ಮ ತಂದೆಯವರ ಕಾಲದಿಂದ ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರವಿದೆ. ಸುಮಾರು ಹತ್ತು ವರ್ಷದಿಂದ ಮೊಬೈಲ್ ರಿಪೇರಿಯನ್ನೂ ಸೇರಿಸಿಕೊಂಡಿದ್ದೇವೆ.

ನಮ್ಮಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಕಪಾಟು ಒಂದೇ ಒಂದು ಗೋಡೆಯಷ್ಟಿದೆ. ಒಂದು ರ್‍ಯಾಮ್ ಹತ್ತಾರು ಕಂಪನಿಗಳ ಯಂತ್ರಕ್ಕೆ ಕೂರುತ್ತದೆ, ಒಂದು ಎಸ್‌ಎಸ್‌ಡಿ ಹಲವು ಲ್ಯಾಪ್‌ಟಾಪುಗಳಿಗೆ ಆಗುತ್ತದೆ, ಇಂದು ಮಾರಾಟವಾಗದಿದ್ದರೆ ಮುಂದಿನ ತಿಂಗಳು ಆಗುತ್ತದೆ. ಮೊಬೈಲ್ ಡಿಸ್‌ಪ್ಲೇಗಳ ಕಥೆ ಬೇರೆ. ಅವುಗಳಿಗಾಗಿ ಚಿಕ್ಕ ಚಿಕ್ಕ ಡ್ರಾಯರುಗಳು ನೂರಕ್ಕೂ ಹೆಚ್ಚಿವೆ, ಪ್ರತಿಯೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಮಾದರಿಯ ಹೆಸರು ಬರೆದಿದ್ದೇವೆ. ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಒಡೆದ ಫೋನ್ ತಂದಳು. ಡ್ರಾಯರಿನಲ್ಲಿ ಅದೇ ಹೆಸರಿನ ಕಾಂಬೋ (ಗಾಜು ಸಹಿತ ಡಿಸ್‌ಪ್ಲೇ) ಇತ್ತು. ತೆರೆದು ಕೂರಿಸಲು ಹೋದರೆ ಪಟ್ಟಿಯ ಕನೆಕ್ಟರ್ ಒಂದು ಬದಿಗೆ ಹೆಚ್ಚು ಅಗಲ. ಒಂದೇ ಹೆಸರಿನಲ್ಲಿ ಎರಡು ಬಗೆಯ ಫೋನ್ ಮಾರಿದ್ದರು! ಆ ಹುಡುಗಿಗೆ ಎರಡು ದಿನದ ಮೇಲೆ ಪರೀಕ್ಷೆಯ ಹಾಲ್ ಟಿಕೆಟ್ ಅದೇ ಫೋನಿನಿಂದ ಇಳಿಸಿಕೊಳ್ಳಬೇಕಿತ್ತು. ನಿಮ್ಮ ಜಿಲ್ಲಾ ಕೇಂದ್ರಗಳ ರಿಪೇರಿ ಹುಡುಗರು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಕೆಟ್ಟಾಗ ಬದಲಿಸುವುದರಲ್ಲಿ ಎಷ್ಟೇ ಚುರುಕಾಗಿದ್ದರೂ, ಅಂಟು ಹಾಕಿ ಮುಚ್ಚಿದ ಫೋನನ್ನು ಬಿಸಿ ಮಾಡಿ ತೆರೆದು ಮತ್ತೆ ನೀರು ಹೋಗದಂತೆ ಮುಚ್ಚುವುದನ್ನು ಹೊಸದಾಗಿ ಕಲಿಯಬೇಕು, ಅದಕ್ಕೆ ಬೇರೆ ಸಲಕರಣೆ ಬೇಕು.

ದಾಸ್ತಾನಿನ ಬೆಲೆ ಕರಗುವುದು ಇನ್ನೊಂದು ಸಂಕಟ. ಫೋನ್ ಬಿಡುಗಡೆಯಾಗಿ ನಾಲ್ಕು ತಿಂಗಳಿಗೆ ಆನ್‌ಲೈನಿನಲ್ಲಿ ಬೆಲೆ ಇಳಿಯುತ್ತದೆ, ಹಬ್ಬದ ಮಾರಾಟದಲ್ಲಿ ಇನ್ನೂ ಇಳಿಯುತ್ತದೆ. ಹಳೆಯ ಬೆಲೆಗೆ ಕೊಂಡಿಟ್ಟ ವ್ಯಾಪಾರಿಗೆ ವ್ಯತ್ಯಾಸದ ಹಣ ತುಂಬಿಕೊಡುವವರು ಕಂಪನಿಯವರೇ. ಕಾಲೇಜಿನ ಟೆಂಡರಿನಲ್ಲಿ ಆದೇಶ ಬಂದ ಮೇಲೆ ತಯಾರಿಸುವ ನಿಮಗೆ ಈ ಹೊರೆಯ ಅನುಭವವಿಲ್ಲ.

ನನಗಾದ ಒಂದು ಪೆಟ್ಟನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ, ನಾವು ಲ್ಯಾಪ್‌ಟಾಪ್ ಮಾರುತ್ತಿದ್ದ ಕಂಪನಿಯೊಂದು ಫೋನುಗಳನ್ನೂ ತಂದು ನಮ್ಮ ಅಂಗಡಿಯಲ್ಲಿಡಿಸಿತು, ಹೆಸರು ಬೇಡ. ಅವರ ಮಾತಿನ ಮೇಲೆ ನನ್ನ ಪರಿಚಯದವರಿಗೆಲ್ಲ ನಾನೇ ಶಿಫಾರಸು ಮಾಡಿದೆ. ಎರಡನೆಯ ವರ್ಷಕ್ಕೆ ಅವರು ಫೋನ್ ನಿಲ್ಲಿಸಿದರು, ಬ್ಯಾಟರಿ ಸಿಗುವುದು ನಿಂತಿತು. ಜನ ಫೋನ್ ಹಿಡಿದು ಬಂದದ್ದು ನನ್ನ ಬಾಗಿಲಿಗೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಅದೇ ಜನ ಆ ಕಂಪನಿಯ ಲ್ಯಾಪ್‌ಟಾಪನ್ನೂ ಮುಟ್ಟಲಿಲ್ಲ. ಲ್ಯಾಪ್‌ಟಾಪ್ ಚೆನ್ನಾಗಿಯೇ ಇತ್ತು. ನಿಮ್ಮ ಕಾಲೇಜುಗಳ ಪ್ರಾಂಶುಪಾಲರು, ಗುಮಾಸ್ತರು ನಿಮ್ಮ ಫೋನ್ ಕೊಂಡು ಬೇಸರಪಟ್ಟರೆ ಮುಂದಿನ ಟೆಂಡರಿನ ದಿನ ಅವರ ಮನಸ್ಸಿನಲ್ಲಿ ಏನಿರುತ್ತದೆ ಎಂದು ಯೋಚಿಸಿ.

ಹೆಸರಿಡುವಾಗಲೂ ಎಚ್ಚರವಿರಲಿ. ಏಸುಸ್‌ನ ಝೆನ್‌ಫೋನುಗಳು 2014ರಿಂದ ಇಲ್ಲಿ ಒಳ್ಳೆಯ ಹೆಸರು ಮಾಡಿದ್ದವು. ಆದರೆ ‘ಝೆನ್’ ಎಂಬ ಟ್ರೇಡ್‌ಮಾರ್ಕು ಬೇರೆ ಕಂಪನಿಯದಾಗಿದ್ದ ಕಾರಣ 2019ರಲ್ಲಿ ದೆಹಲಿ ಹೈಕೋರ್ಟ್ ತಡೆ ನೀಡಿತು. ಆ ವರ್ಷದ ಝೆನ್‌ಫೋನ್ 6 ನಮ್ಮ ದೇಶದಲ್ಲಿ ಏಸುಸ್ 6ಝಡ್ ಎಂಬ ಹೆಸರಿನಲ್ಲಿ ಬರಬೇಕಾಯಿತು. ಐದು ವರ್ಷ ಕಟ್ಟಿದ ಹೆಸರು ಒಂದು ಆದೇಶಕ್ಕೆ ಪೆಟ್ಟಿಗೆಯ ಮೇಲಿಂದ ಅಳಿಸಿಹೋಯಿತು.

ಉತ್ತರ 3 – ವೈಟ್‌ಫೀಲ್ಡ್‌ನಿಂದ, ಹಣಕಾಸು ಸಲಹೆಗಾರ

ಇಬ್ಬರ ಅನುಭವಕ್ಕೂ ನನ್ನ ಗೌರವವಿದೆ. ಆದರೂ ಚಿತ್ರದ ಒಂದು ಬದಿ ಮಾತ್ರ ಬಂದಿದೆ ಎನ್ನಿಸುತ್ತದೆ. ಆಪಲ್ ಕಂಪ್ಯೂಟರ್ ಕಂಪನಿಯೇ ಆಗಿತ್ತು. 2007ರ ಜನವರಿ 9ರಂದು ಐಫೋನ್ ಘೋಷಿಸಿದ ದಿನವೇ ತನ್ನ ಹೆಸರಿನಿಂದ ‘ಕಂಪ್ಯೂಟರ್’ ಎಂಬ ಪದವನ್ನು ತೆಗೆದುಹಾಕಿತು. ಇಂದು ದೇವನಹಳ್ಳಿಯಲ್ಲೂ ಕೋಲಾರದ ನರಸಾಪುರದಲ್ಲೂ ಐಫೋನ್ ತಯಾರಾಗುತ್ತಿರುವುದನ್ನು ನೋಡುತ್ತಿದ್ದೇವೆ. ಆಪಲ್ ಉದಾಹರಣೆ ನಮಗೆ ದೂರದ್ದು ಎನ್ನುವುದಾದರೆ ಲೆನೊವೊವನ್ನು ನೋಡಿ. 2005ರಲ್ಲಿ ಐಬಿಎಂನ ಕಂಪ್ಯೂಟರ್ ವಿಭಾಗವನ್ನು ಕೊಂಡ ಆ ಕಂಪನಿ, ಕಂಪ್ಯೂಟರಿನ ಕಡೆಗೇ ಗಮನ ಕೊಡಲೆಂದು 2008ರಲ್ಲಿ ತನ್ನ ಮೊಬೈಲ್ ವಿಭಾಗವನ್ನು 10 ಕೋಟಿ ಡಾಲರಿಗೆ ಮಾರಿತು. ಮರುವರ್ಷವೇ, ತಪ್ಪು ಮಾಡಿದೆವೆಂದು ಅರಿತು ಅದನ್ನೇ ಸುಮಾರು 20 ಕೋಟಿಗೆ ಮರಳಿ ಕೊಂಡಿತು. 2014ರಲ್ಲಿ ಗೂಗಲ್‌ನಿಂದ ಮೊಟೊರೊಲಾವನ್ನು 291 ಕೋಟಿ ಡಾಲರಿಗೆ ಪಡೆಯಿತು. ನಷ್ಟಗಳ ಸಾಲು ದಾಟಿ, ಮೊಬೈಲ್ ವಿಭಾಗ ಲಾಭದ ಮುಖ ಕಂಡದ್ದು 2018ರ ಕೊನೆಯ ತ್ರೈಮಾಸಿಕದಲ್ಲಿ. ಅಂದರೆ ದಾರಿ ಇದೆ. ಹಣ ಮತ್ತು ತಾಳ್ಮೆ ಎರಡೂ ಬೇಕು.

ಇನ್ನೊಂದು ವಿಷಯ. ನೀವು ಅವರ ಮಾರುಕಟ್ಟೆಗೆ ಹೋಗದಿದ್ದರೂ ಅವರು ನಿಮ್ಮ ಮಾರುಕಟ್ಟೆಗೆ ಬರುತ್ತಿದ್ದಾರೆ. ಬೆಂಗಳೂರಿನಲ್ಲೇ ಭಾರತದ ಮುಖ್ಯ ಕಚೇರಿ ಇಟ್ಟುಕೊಂಡಿರುವ ಶಿಯೋಮಿ 2014ರಲ್ಲಿ ಫೋನಿನೊಡನೆ ಬಂದು 2020ರಲ್ಲಿ ಲ್ಯಾಪ್‌ಟಾಪನ್ನೂ ತಂದಿತು. ರಿಯಲ್‌ಮಿ 2021ರಲ್ಲಿ ಅದೇ ದಾರಿ ಹಿಡಿಯಿತು. ಸ್ವಂತ ತಯಾರಿಕೆ ಬೇಡವೆನಿಸಿದರೆ ಹೆಸರನ್ನು ಪರವಾನಗಿಗೆ ಕೊಡುವ ದಾರಿಯೂ ಇದೆ. ತೈವಾನಿನ ಏಸರ್ ಹೆಸರಿನ ಫೋನುಗಳನ್ನು 2025ರಲ್ಲಿ ಭಾರತದಲ್ಲಿ ಹೊರತಂದದ್ದು ಪರವಾನಗಿ ಪಡೆದ ನಮ್ಮ ಊರಿನ ಇಂಡ್‌ಕಲ್ ಟೆಕ್ನಾಲಜೀಸ್. ಲಾಭ ಕಡಿಮೆ, ಆದರೆ ದಾಸ್ತಾನಿನ ಅಪಾಯ ಏಸರ್‌ನ ಹೆಗಲ ಮೇಲಿಲ್ಲ.

ಉತ್ತರ 1ರವರ ಪ್ರತಿಕ್ರಿಯೆ

ತಾವು ಕೊಟ್ಟ ಎರಡೂ ಉದಾಹರಣೆಗಳು ಸರಿ, ಆದರೆ ಅವು ನನ್ನ ಮಾತನ್ನೇ ಗಟ್ಟಿಮಾಡುತ್ತವೆ. ಲೆನೊವೊ 291 ಕೋಟಿ ಡಾಲರ್ ಕೊಟ್ಟು ಕೊಂಡದ್ದು ಬರೀ ಹೆಸರನ್ನಲ್ಲ. ಅದರೊಡನೆ ಸುಮಾರು 2,000 ಪೇಟೆಂಟುಗಳು, ದೂರಸಂಪರ್ಕ ಕಂಪನಿಗಳೊಡನೆ ದಶಕಗಳ ಸಂಬಂಧ, ರೇಡಿಯೋ ಬಲ್ಲ ಎಂಜಿನಿಯರುಗಳು ಬಂದರು. ಹಾಗಿದ್ದೂ ನಾಲ್ಕು ವರ್ಷ ನಷ್ಟ ಹೊರಬೇಕಾಯಿತು. ಆಪಲ್ ಐಫೋನ್ ತರುವ ಮುಂಚೆ 2001ರಿಂದ ಐಪಾಡ್ ಮೂಲಕ ಕೈಯಲ್ಲಿ ಹಿಡಿಯುವ ಸಾಧನಗಳ ಬ್ಯಾಟರಿ, ಬಿಡಿಭಾಗ, ಮಾರಾಟ ಎಲ್ಲವನ್ನೂ ಆರು ವರ್ಷ ಪಳಗಿಸಿಕೊಂಡಿತ್ತು. ಅಂಥ ಆಪಲ್ ಕೂಡ ಮೋಡೆಮ್ ವಿಷಯದಲ್ಲಿ ಬೇರೆಯವರನ್ನೇ ಅವಲಂಬಿಸಿತು. 2019ರಲ್ಲಿ ಇಂಟೆಲ್‌ನ ಮೋಡೆಮ್ ವಿಭಾಗವನ್ನು 100 ಕೋಟಿ ಡಾಲರಿಗೆ ಕೊಂಡು, ಅದರ ಸ್ವಂತ ಮೋಡೆಮ್ ಐಫೋನ್ 16ಇ ಒಳಗೆ ಬಂದದ್ದು 2025ರಲ್ಲಿ, ಮೊದಲ ಐಫೋನಿನ 18 ವರ್ಷಗಳ ತರುವಾಯ. ಪೀಣ್ಯದ ಕಂಪನಿ ಮೋಡೆಮ್ ಮಾಡಬೇಕಿಲ್ಲ ಎಂಬುದು ನಿಜ. ಆದರೆ ಕೊಂಡು ತಂದ ಮೋಡೆಮ್ ತೊಂದರೆ ಕೊಟ್ಟಾಗ ಅದರೊಳಗೆ ಇಣುಕಿ ನೋಡಬಲ್ಲ ಹತ್ತು ಜನರಾದರೂ ಬೇಕು.

ಪರವಾನಗಿಯ ಮಾತೂ ಇಲ್ಲಿ ಹೊಂದುವುದಿಲ್ಲ. ದೇಶವಿಡೀ ಬಲ್ಲ ಹೆಸರಿದ್ದರೆ ಮಾತ್ರ ಅದಕ್ಕೆ ಬೆಲೆ. ಪ್ರಶ್ನೆ ಕೇಳಿದವರ ಹೆಸರು ಕಾಲೇಜುಗಳ ಪ್ರಯೋಗಾಲಯದಲ್ಲಿದೆ, ಬೀದಿಯಲ್ಲಿಲ್ಲ.

ಉತ್ತರ 4 – ಬಸವನಗುಡಿಯಿಂದ, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕಿ

ಈ ಚರ್ಚೆಯಲ್ಲಿ ಸಿಂಪ್ಯೂಟರ್ ಹೆಸರು ಯಾರ ಬಾಯಲ್ಲೂ ಬರದಿದ್ದುದು ನನಗೆ ಬೇಸರ ತಂದಿತು, ಏಕೆಂದರೆ ಇದೇ ಪ್ರಶ್ನೆಗೆ ನಮ್ಮ ಊರು ಕಾಲು ಶತಮಾನದ ಹಿಂದೆಯೇ ಒಂದು ಉತ್ತರ ಬರೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿ, 2001ರಲ್ಲಿ ಮಾದರಿಯನ್ನು ಜನರ ಮುಂದಿಟ್ಟರು. ಅಂಗೈಯಲ್ಲಿ ಹಿಡಿಯುವ ಆ ಯಂತ್ರ ಲಿನಕ್ಸ್ ಮೇಲೆ ಓಡುತ್ತಿತ್ತು, ಪರದೆಯ ಮೇಲಿನ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುತ್ತಿತ್ತು, ಒಂದೇ ಯಂತ್ರವನ್ನು ಹಳ್ಳಿಯ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್ ಹಾಕುವ ಕಿಂಡಿ ಇತ್ತು. 2004ರಲ್ಲಿ ಪಿಕೊಪೆಟಾ ರೂಪಿಸಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು; ಯಂತ್ರವನ್ನು ಓರೆ ಮಾಡಿದರೆ ಅದನ್ನು ಗ್ರಹಿಸುವ ಸಂವೇದಕ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮುಂಚೆ. ನಮ್ಮ ವಿಭಾಗದಲ್ಲಿ ಒಂದನ್ನು ತರಿಸಿದ್ದೆವು. ಅದನ್ನು ಓರೆ ಮಾಡಿ ಪುಟ ತಿರುಗಿಸುವುದನ್ನು ನೋಡಲು ಬೇರೆ ವಿಭಾಗದ ಹುಡುಗರೂ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಅದು ಕೆಲವೇ ಸಾವಿರ ಮಾರಾಟವಾಗಿ ನಿಂತದ್ದಕ್ಕೆ ಬುದ್ಧಿವಂತಿಕೆಯ ಕೊರತೆ ಕಾರಣವಲ್ಲ. ಬೆಲೆ 10 ಸಾವಿರದ ಆಸುಪಾಸಿಗೆ ಏರಿತ್ತು, ಸರ್ಕಾರಗಳಿಂದ ನಿರೀಕ್ಷಿಸಿದಷ್ಟು ಬೇಡಿಕೆ ಬರಲಿಲ್ಲ, ಅದೇ ಹೊತ್ತಿಗೆ ಅಗ್ಗದ ಮೊಬೈಲುಗಳು ಹಳ್ಳಿ ಹಳ್ಳಿಗೂ ತಲುಪಿದವು. ಆದರೂ ಸರ್ಕಾರಿ ಕೆಲಸಕ್ಕೆಂದೇ, ಒಂದು ಗೊತ್ತಾದ ಬಳಕೆಗೆ ಕೊಂಡ ಕಡೆ ಅದು ಉಪಯೋಗಕ್ಕೆ ಬಂತು ಎಂಬುದನ್ನು ನಾವು ಮರೆಯಬಾರದು.

ನನ್ನ ಸಲಹೆ ಇದರಿಂದಲೇ ಹುಟ್ಟಿದ್ದು. ನಿಮ್ಮ ಗಿರಾಕಿಗಳು ಸಂಸ್ಥೆಗಳು. ಬೆಸ್ಕಾಂ ಮೀಟರ್ ಓದುವವರು ಬಾಗಿಲಿಗೆ ಬಂದು ಬಿಲ್ ಹರಿದುಕೊಡುವ ಯಂತ್ರ, ಬಿಎಂಟಿಸಿ ನಿರ್ವಾಹಕರ ಟಿಕೆಟ್ ಯಂತ್ರ, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪಡೆಯುವ ಸಾಧನ, ಹಾಲಿನ ಸಂಘದಲ್ಲಿ ಲೀಟರು ಮತ್ತು ಕೊಬ್ಬಿನಂಶ ದಾಖಲಿಸುವ ಸಾಧನ, ಇವೆಲ್ಲ ಕೈಯಲ್ಲಿ ಹಿಡಿಯುವ ಕಂಪ್ಯೂಟರುಗಳೇ. ಮಳೆ, ಧೂಳು, ಬಿದ್ದ ಪೆಟ್ಟು ತಡೆಯಬೇಕು, ಬಿಸಿಲಿನಲ್ಲಿ ಪರದೆ ಕಾಣಬೇಕು, ಬ್ಯಾಟರಿಯನ್ನು ಕೈಯಲ್ಲೇ ಬದಲಿಸುವಂತಿರಬೇಕು, ಕನ್ನಡ ಸ್ಪಷ್ಟವಾಗಿ ಮೂಡಬೇಕು. ಕ್ಯಾಮೆರಾದ ಪೈಪೋಟಿ ಇಲ್ಲಿಲ್ಲ. ಆದೇಶ ಬಂದ ಮೇಲೆ ತಯಾರಿಸಬಹುದು, ಐದು ವರ್ಷದ ನಿರ್ವಹಣೆಯ ಕರಾರಿಗೆ ಹಣವೂ ಬರುತ್ತದೆ, ಅಪ್‌ಡೇಟಿನ ಖರ್ಚಿಗೆ ಅದೇ ಆಧಾರ. ಮೋಡೆಮನ್ನು ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆದ ಸಿದ್ಧ ಮಾಡ್ಯೂಲಾಗಿ ಕೊಂಡು ಕೂರಿಸಿದರೆ, ಮಲ್ಲೇಶ್ವರದ ಹಿರಿಯರು ಹೇಳಿದ ರೇಡಿಯೋ ತೊಂದರೆ ಪೂರ್ತಿ ಹೋಗದಿದ್ದರೂ ಬಹಳ ತಗ್ಗುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ನಿಮಗೆ ಲ್ಯಾಪ್‌ಟಾಪಿನಿಂದಲೇ ಅಭ್ಯಾಸ. ಮೊಬೈಲ್ ಜಾಲಕ್ಕೆ ಸೇರುವ ಸಾಧನವಾದರೆ ಐಎಂಇಐ (ಪ್ರತಿ ಸಾಧನದ ಗುರುತಿನ ಸಂಖ್ಯೆ) ನೋಂದಣಿಯನ್ನೂ ಮಾಡಿಸಬೇಕಾದೀತು. ಅದು ದೊಡ್ಡ ತಲೆನೋವಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಟಿಪ್ಪಣಿಯ ಕರಡು ಈಗ ಒಂದು ರೂಪಕ್ಕೆ ಬಂದಿದೆ. ಗ್ರಾಹಕರ ಸ್ಮಾರ್ಟ್‌ಫೋನಿಗೆ ಇಳಿಯಬಾರದೆಂದು ಸ್ಪಷ್ಟವಾಗಿ ಬರೆದು, ಅದಕ್ಕೆ ಬದಲಾಗಿ ಸಹಕಾರ ಸಂಘಗಳಿಗೆ ಬೇಕಾಗುವ ಕೈಸಾಧನವೊಂದನ್ನು ಮೊದಲು ಹಾಲಿನ ಸಂಘಗಳ ಲೆಕ್ಕಕ್ಕಾಗಿ ರೂಪಿಸುವ ಪ್ರಸ್ತಾಪ ಇಟ್ಟಿದ್ದೇನೆ. ನಮ್ಮ ಕಂಪ್ಯೂಟರುಗಳು ಆ ಸಂಘಗಳ ಕಚೇರಿಗಳಲ್ಲಿ ಈಗಾಗಲೇ ಇವೆ. ಅಲ್ಲಿನ ಕಾರ್ಯದರ್ಶಿಗಳು ಬೆಳಗಿನ ಐದೂವರೆಗೆ ತೇವದ ಕೈಯಲ್ಲಿ ಏನನ್ನು ಒತ್ತಬಲ್ಲರು, ಏನನ್ನು ಒತ್ತಲಾರರು ಎಂದು ನೋಡಲು ಮುಂದಿನ ವಾರ ನಾನು ಮತ್ತು ಇಬ್ಬರು ಎಂಜಿನಿಯರುಗಳು ದೊಡ್ಡಬಳ್ಳಾಪುರದ ಕಡೆ ಹೋಗುತ್ತಿದ್ದೇವೆ.

ಶೆನ್‌ಝೆನ್‌ನವರಿಗೆ ಮೂರು ಪ್ರಶ್ನೆಗಳನ್ನು ಪತ್ರದಲ್ಲಿ ಕೇಳಿದ್ದೆ: ಚಿಪ್ ತಯಾರಕರ ಬೆಂಬಲ ಯಾವ ತಿಂಗಳವರೆಗೆ, ಪೇಟೆಂಟ್ ರಾಯಧನ ಯಾರ ಹೆಸರಿನಲ್ಲಿ, ಡಿಸ್‌ಪ್ಲೇ ಎಷ್ಟು ವರ್ಷ ಸಿಗುತ್ತದೆ. ಮೊದಲನೆಯದಕ್ಕೆ ‘ಆದೇಶದ ಪ್ರಮಾಣವನ್ನು ನೋಡಿ ತಿಳಿಸುತ್ತೇವೆ’ ಎಂಬ ಉತ್ತರ ಬಂದಿದೆ, ಉಳಿದ ಎರಡಕ್ಕೆ ಬಂದಿಲ್ಲ.

ಹಿರಿಯರ ರಾಮನಗರದ ಅನುಭವ ಓದಿದ ಮೇಲೆ ನಾನೂ ಒಂದು ಪ್ರಯೋಗ ಮಾಡಿದೆ. ಮಾದರಿ ಫೋನಿಗೆ ನನ್ನದೇ ಸಿಮ್ ಹಾಕಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಮನೆಗೆ ಕರೆ ಮಾಡಿ ಮಾತನಾಡುತ್ತ ಬಂದೆ. ಸಂಪಿಗೆ ರಸ್ತೆಯ ನಿಲ್ದಾಣಕ್ಕೆ ಸ್ವಲ್ಪ ಮುಂಚೆ ರೈಲು ನೆಲದಡಿಯಿಂದ ಮೇಲೇರುವಾಗ ಕರೆ ಕಡಿಯಿತು. ಮರುದಿನ ಅದೇ ಸಿಮ್ಮನ್ನು ನನ್ನ ಹಳೆಯ ಫೋನಿಗೆ ಹಾಕಿ ಅದೇ ಹೊತ್ತಿನ ರೈಲಿನಲ್ಲಿ ಬಂದಾಗ ಪೀಣ್ಯದವರೆಗೂ ಮಾತು ನಿಲ್ಲಲಿಲ್ಲ. ನಾಲ್ಕು ದಿನ ಹೀಗೆಯೇ ಅದಲುಬದಲು ಮಾಡಿ ನೋಡಿದ್ದೇನೆ. ಮಾದರಿ ಫೋನಿನ ಎರಡೂ ದಿನ ಕರೆ ಅದೇ ಜಾಗದಲ್ಲಿ ಕಡಿದಿದೆ. ದಿನಾಂಕ, ಸಮಯ, ನಿಲ್ದಾಣಗಳ ಸಹಿತ ಆ ವಿವರವನ್ನು ಟಿಪ್ಪಣಿಯ ಮೊದಲ ಪುಟದಲ್ಲೇ ಹಾಕಿದ್ದೇನೆ.